ಹತ್ತು ಮೊಳೆ

ಎಷ್ಟೋ ದಿನದಿಂದ ಗೂಟದಲ್ಲೇ ಇದ್ದು ಈಗ ಒಗೆಯಲು ತೆಗೆದ ಅಂಗಿಯ ಜೇಬಿನಿಂದ ಹೆಂಡತಿ ಹತ್ತು ಮೊಳೆ ಎತ್ತಿ ತಟ್ಟೆಯ ಪಕ್ಕದಲ್ಲಿಟ್ಟಾಗ, ಬಡಗಿ ಎತ್ತಿದ ತುತ್ತನ್ನು ತಟ್ಟೆಗೇ ವಾಪಸ್ ಹಾಕಿದ.

"ಮೊಳೆ ತಾನೇ, ಹಾವೇನೂ ಅಲ್ವಲ್ಲ," ಎಂದಳು ಅವಳು.

ಹಾವಾಗಿದ್ದರೆ ಎಷ್ಟೋ ವಾಸಿಯಿತ್ತು. ಅಕ್ಕನ ಮನೆಯ ಹೊಸ ಮಹಡಿಗೆ ಜಂತೆ ಕೂರಿಸಿದವನು, ಮರದ ಮೆಟ್ಟಿಲು ಕಟ್ಟಿದವನು ಅವನೇ. ಜಂತೆಯ ಒಂದು ತುದಿ ಗೋಡೆಯೊಳಗೆ, ಇನ್ನೊಂದು ತುದಿ ನಡುತೊಲೆಗೆ ಬಡಿದ, ತೊಟ್ಟಿಲಿನಾಕಾರದ ಕಬ್ಬಿಣದ ಪಟ್ಟಿಯಲ್ಲಿ. ಒಂದು ತೊಟ್ಟಿಲಿಗೆ ಹತ್ತು ಮೊಳೆ. ಹತ್ತು ಎಣಿಸಿ ಜೇಬಿಗೆ ಹಾಕಿಕೊಳ್ಳುವುದು, ಜೇಬು ಬರಿದಾದ ಮೇಲೆಯೇ ಮುಂದಿನದಕ್ಕೆ ಕೈಹಾಕುವುದು ಅವನ ಪದ್ಧತಿ. ಅವತ್ತು ಸೆಖೆ ತಡೆಯಲಾರದೆ ನಡುವೆ ಅಂಗಿ ಬಿಚ್ಚಿ ಕಿಟಕಿಗೆ ಹಾಕಿ, ಉಳಿದದ್ದನ್ನು ಬನಿಯನ್ನಿನಲ್ಲೇ ಮುಗಿಸಿದ್ದ. ಅಂದರೆ ಹದಿನಾರು ತೊಟ್ಟಿಲಲ್ಲಿ ಯಾವುದೋ ಒಂದು, ಜಾಗಕ್ಕೆ ನಿಲ್ಲಲೆಂದು ಮೊದಲು ತಗುಲಿಸಿದ ಎರಡು ಚಿಕ್ಕ ಮೊಳೆಯ ಮೇಲೆ ನಿಂತಿದೆ. ಈಗ ಮೇಲೆ ಹಲಗೆ ಹಾಸಿಯಾಗಿದೆ, ಕೆಳಗೆ ಭಾವ ಮುಚ್ಚಿಗೆ ಬಡಿದಾಗಿದೆ. ಇವತ್ತಿನಿಂದ ಅಲ್ಲಿ ಅಕ್ಕನ ಹೊಲಿಗೆ ತರಗತಿ. ಇಪ್ಪತ್ತು ಹುಡುಗಿಯರು, ಹತ್ತು ಮಿಷನ್ನು.

ಕೈ ತೊಳೆದನೋ ಇಲ್ಲವೋ, ಸುತ್ತಿಗೆ ಹಿಡಿದು ಓಡಿದ. ಮಹಡಿಯಲ್ಲಿ ಆಗಲೇ ಮಿಷನ್ನು ಗಡಗಡ ಎನ್ನುತ್ತಿದ್ದವು. ಕಾಲಿಡಲು ಅವನಿಗೇ ಭಯವಾಯಿತು.

"ಅಕ್ಕಾ, ಎಲ್ರನ್ನೂ ಕೆಳಗಿಳಿಸು."

"ತಲೆ ನೆಟ್ಟಗಿದೆ ತಾನೇ? ಮೊದಲ್ನೇ ದಿನ ಕಣೋ. ಬಂದವರ ಮುಂದೆ ನನ್ನ ಮಾನ ಕಳೀಬೇಡ."

"ಮಾನ ಹೋಗೋದು ನಂದು. ಒಂದು ಜಂತೆಗೆ ನಾನು ಮೊಳೆ ಹೊಡೆದಿಲ್ಲ. ಯಾವುದಕ್ಕೆ ಅಂತ ಗೊತ್ತಿಲ್ಲ."

ಅಷ್ಟು ಜನರೆದುರು ಹೇಳುವಾಗ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮೂವತ್ತು ವರ್ಷದಲ್ಲಿ ಇಂಥ ಮಾತು ಅವನ ಬಾಯಿಂದ ಬಂದಿರಲಿಲ್ಲ. ಅಕ್ಕ ಹಣೆ ಚಚ್ಚಿಕೊಂಡು ಹುಡುಗಿಯರನ್ನು ಎಬ್ಬಿಸಿದಳು.

ಕೆಳಗೆ ಏಣಿ ಹಿಡಿಯಲು ಭಾವ ಬಂದರು. ಅಂಚೆ ಕಚೇರಿಯ ಗುಮಾಸ್ತರು, ಜನ್ಮದಲ್ಲಿ ಯಾರಿಗೂ ಒಂದು ಗಟ್ಟಿ ಮಾತು ಆಡಿದವರಲ್ಲ. "ಇರ್ಲಿ ಬಿಡೋ, ಭಾನುವಾರ ನೋಡೋಣ" ಎಂದು ಮೂರು ಸಲ ಹೇಳಿ ನೋಡಿದರು. ಬಡಗಿ ಕೇಳಲಿಲ್ಲ. ತೊಲೆಯುದ್ದಕ್ಕೂ ಮುಚ್ಚಿಗೆಯ ಹಲಗೆ ಕೀಳುತ್ತಾ ಹೋದ. ಮೊದಲನೆಯದಕ್ಕೆ ಹತ್ತೂ ಇದ್ದವು. ಎರಡನೆಯದಕ್ಕೂ. ಎಂಟರವರೆಗೂ ಸರಿಯಿತ್ತು. ಆದರೂ ಪ್ರತಿಯೊಂದನ್ನೂ ನಂಬಿಕೆ ಸಾಲದೆ ಬೆರಳಿಟ್ಟು ಎರಡೆರಡು ಸಲ ಎಣಿಸಿದ.

ಒಂಬತ್ತನೆಯದಕ್ಕೂ, ಆ ಎರಡು ಚಿಕ್ಕ ಮೊಳೆ ಬಿಟ್ಟು, ಹತ್ತು ಮೊಳೆ ಇದ್ದವು. ಆದರೆ ಅವನವಲ್ಲ. ಗೋಡೆಗೆ ಫೋಟೋ ಹಾಕುವ ಸಣಕಲು ಮೊಳೆಗಳು, ಅರ್ಧಕ್ಕರ್ಧ ಸೊಟ್ಟಗೆ ಬಾಗಿದ್ದವು. ಒಂದನ್ನು ಹಿಡಿದೆಳೆದ, ಬೆರಳಿಗೇ ಕಿತ್ತು ಬಂತು. ತೊಟ್ಟಿಲು ಆಗಲೇ ತೊಲೆಯಿಂದ ಅರ್ಧ ಬೆರಳಿನಷ್ಟು ಜಾರಿತ್ತು.

"ಇದನ್ನ ಯಾರು ಹೊಡೆದಿದ್ದು?"

ಭಾವ ಕೆಮ್ಮಿದರು. "ಮುಚ್ಚಿಗೆ ಬಡಿಯೋವಾಗ ಕಣ್ಣಿಗೆ ಬಿತ್ತಪ್ಪ. ನಿಂಗೆ ಹೇಳಿದ್ರೆ ನೊಂದ್ಕೋತೀಯ. ನಿನ್ನ ಮರ್ಯಾದೆ ಯಾಕೆ ಹೋಗ್ಬೇಕು ಅಂತ ನಾನೇ..."

ಬೈಯೋಣವೆಂದರೆ ದೊಡ್ಡವರು. ಅದಕ್ಕಿಂತ ಹೆಚ್ಚಾಗಿ, ಒಳ್ಳೆಯವರು. ಬಡಗಿ ಉಸಿರು ಒಂದು ಹದಕ್ಕೆ ಬರುವವರೆಗೆ ತೊಲೆಗೆ ಹಣೆ ಆನಿಸಿ ನಿಂತು, ಆಮೇಲೆ ಮೆಲ್ಲಗೆ ಕೇಳಿದ:

"ಭಾವ, ಇನ್ನೂ ಎಲ್ಲೆಲ್ಲಿ ನನ್ನ ಮರ್ಯಾದೆ ಉಳಿಸಿದ್ದೀರಿ?"

ಭಾವ ಹುಡುಗಿಯರೆಲ್ಲ ಒತ್ತೊತ್ತಾಗಿ ಕೂತಿದ್ದ ಮರದ ಮೆಟ್ಟಿಲಿನ ಕಡೆಗೆ ತಿರುಗಿ ನೋಡಿದರು.