ಹೆರಿಗೆ ಆಸ್ಪತ್ರೆಯ ದಾರಿ

ಅಸ್ಗರಿ ಚಪ್ಪಲಿ ಬಿಟ್ಟು ಹನುಮಪ್ಪನ ಗುಡಿಯ ಮೆಟ್ಟಿಲು ಹತ್ತಿದಾಗ ಒಳಗಿದ್ದ ಗಂಡಸರ ಮಾತು ಅರ್ಧಕ್ಕೇ ನಿಂತಿತು. ಗುಡಿ ಸಮಿತಿಯ ದೇವಿದಾಸ ಎದ್ದು ನಿಂತ. ಜಗಳಕ್ಕೆ ಬಂದಳೆಂದುಕೊಂಡಿರಬೇಕು. ಅವಳು ಬಂದದ್ದು ಬೇಡಿಕೊಳ್ಳಲು.

ಬಸವಕಲ್ಯಾಣದ ಹಳೇ ಪೇಟೆಯ ಸರಕಾರಿ ಹೆರಿಗೆ ಆಸ್ಪತ್ರೆಯ ಗೇಟಿಗೆ ಬಲಕ್ಕೆ ಈ ಗುಡಿ. ಎಡಕ್ಕೆ ಚಿಲ್ಲಾ, ಅಂದರೆ ಪೀರಸಾಹೇಬರು ಒಮ್ಮೆ ಕೂತು ಹೋದರೆನ್ನುವ ಜಾಗ. ಎರಡೂ ಎದ್ದದ್ದು ಆಸ್ಪತ್ರೆಯ ನೆಲದಲ್ಲೇ. ಗುಡಿಗೆ ಕಟ್ಟೆ ಬಂದರೆ ಚಿಲ್ಲಾಕ್ಕೆ ಕಮಾನು ಬಂತು. ಪೈಪೋಟಿಯಲ್ಲಿ ಎರಡೂ ಬೆಳೆದವು, ದಾರಿ ಸೊರಗಿತು. ಈಗ ಅಲ್ಲಿ ಆಟೊ ಕೂಡ ತೂರುವುದಿಲ್ಲ.

ಹೋದ ವರ್ಷ ಅಸ್ಗರಿಯ ಸೊಸೆ ಫರ್ಹೀನ್‌ಳನ್ನು ಆಂಬುಲೆನ್ಸಿನಿಂದ ಇಳಿಸಿ ದುಪ್ಪಟಿಯಲ್ಲಿ ಹೊತ್ತು ಒಯ್ಯಬೇಕಾಯಿತು. ಒಂದು ತುದಿ ಹಿಡಿದವಳು ಗುಡಿ ಮುಂದೆ ಹೂ ಮಾರುವ ಜಿಜಾಬಾಯಿ. ಕಮಾನಿನ ಕೆಳಗೇ ಹೆರಿಗೆಯಾಯಿತು. ಕೂಸು ಅಳಲಿಲ್ಲ. ಫರ್ಹೀನ್ ಈಗ ಮತ್ತೆ ತುಂಬು ಬಸುರಿ. ಹುಮನಾಬಾದಿನವರೆಗೆ ಹೋಗುವಷ್ಟು ಹೊತ್ತು ಸಿಗುವುದಿಲ್ಲ, ನೋವು ಕಂಡ ಕೂಡಲೇ ಇಲ್ಲಿಗೆ ಕರೆತರದಿದ್ದರೆ ಈ ಸಲ ತಾಯಿಯೂ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

ದಾರಿ ತೆರವಿಗೆ ಕೋರ್ಟಿನ ಆದೇಶವೂ ಬಂದಿತ್ತು. ವಿಚಾರಣೆಗೆ ಬಂದ ಅಧಿಕಾರಿ ಎರಡೂ ಕಡೆಯವರನ್ನು ಕೂರಿಸಿಕೊಂಡು, ಈ ಜಾಗದಿಂದ ಏನಾದರೊಂದು ಸರಿಯಲೇಬೇಕು, ಏನೆಂದು ನೀವೇ ಒಮ್ಮತಕ್ಕೆ ಬಂದರೆ ಪೊಲೀಸರನ್ನು ಕರೆಸುವ ತೊಂದರೆ ತಪ್ಪುತ್ತದೆ ಎಂದು ಹೇಳಿ ಜೀಪು ಹತ್ತಿದ್ದ. ಸರಕಾರಕ್ಕೆ ಧರ್ಮವಿಲ್ಲ ಎನ್ನುತ್ತಾರೆ. ಧೈರ್ಯವೂ ಇಲ್ಲ.

"ದೇವಿದಾಸಣ್ಣಾ, ನಮ್ಮ ಮಂದಿನ ನಾ ಒಪ್ಪಸ್ತೀನಿ. ನಿಮ್ಮ ಮಂದಿನ ನೀವು ಒಪ್ಪಸ್ರಿ" ಎಂದಳು ಅಸ್ಗರಿ.

ದೇವಿದಾಸ ಕಲ್ಲೆದೆಯವನಲ್ಲ. ಅವರು ಮೊದಲು ತೆಗೆಯಲಿ, ಮರುಗಳಿಗೆಯೇ ನಾವೂ ತೆಗೆಯುತ್ತೇವೆ ಎಂದ. ಚಿಲ್ಲಾ ನೋಡಿಕೊಳ್ಳುವ ಲಾಲ್ ಅಹ್ಮದ್ ಅವಳ ದೊಡ್ಡಪ್ಪನ ಮಗ. ಅವನದೂ ಅದೇ ಮಾತು. ಅಸ್ಗರಿ ಮತ್ತು ಜಿಜಾಬಾಯಿ ಮನೆಮನೆ ತಿರುಗಿದರು, ಬೈಸಿಕೊಂಡರು, ಮತ್ತೆ ತಿರುಗಿದರು. ಗುಡಿ ಹೋದರೆ ಹೂವಿನ ವ್ಯಾಪಾರವೂ ಹೋಗುತ್ತದೆಂದು ಗೊತ್ತಿದ್ದೂ ಜಿಜಾಬಾಯಿ ಹಿಂದೆ ಸರಿಯಲಿಲ್ಲ.

ಕೊನೆಗೂ ಸಭೆ ಸೇರಿತು. ಹೆಂಗಸರನ್ನು ಕರೆದಿರಲಿಲ್ಲ. ಹೊರಗೆ ಬಂದಾಗ ದೇವಿದಾಸ ಮತ್ತು ಲಾಲ್ ಅಹ್ಮದ್ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿದ್ದರು. ಓಣಿ ಅಂಥದ್ದನ್ನು ಕಂಡು ಎಷ್ಟೋ ಕಾಲವಾಗಿತ್ತು.

"ಎಲ್ಲಾ ಮುಗದದ ತಂಗಿ," ಎಂದ ಲಾಲ್ ಅಹ್ಮದ್. "ಇನ್ನ ಮ್ಯಾಲ ಈ ಓಣ್ಯಾಗ ಆಂಬುಲೆನ್ಸ್ ಸಿಕ್ಕೊಳ್ಳಂಗಿಲ್ಲ. ಯಾರೂ ಸೋತಿಲ್ಲ, ಯಾರೂ ಗೆದ್ದಿಲ್ಲ."

ಅಸ್ಗರಿ ಅಲ್ಲೇ ಕುಸಿದು ಕೂತು ಅತ್ತುಬಿಟ್ಟಳು. ಅಂದು ಅವಳಿಗೆ ಇಡೀ ಊರಿನ ಮೇಲೆ ಪ್ರೀತಿ ಉಕ್ಕಿತು.

ಸೋಮವಾರ ಬೆಳಿಗ್ಗೆ ಹಾರೆ, ಸುತ್ತಿಗೆ ಹಿಡಿದು ಆಳುಗಳು ಬಂದರು. ಹನುಮಪ್ಪನಿಗೆ ಹೊಸ ಮಾಲೆ, ಚಿಲ್ಲಾಕ್ಕೆ ಹೊಸ ಹಸಿರು ಚಾದರ. ಕಳಿಸಿಕೊಡುವಾಗ ಅಷ್ಟಾದರೂ ಮರ್ಯಾದೆ ಬೇಡವೇ ಎಂದಳು ಜಿಜಾಬಾಯಿ. ನರ್ಸ್ ಸ್ನೇಹಲ್ ತಲೆ ಎತ್ತದೆ ಮಂಚ, ತೊಟ್ಟಿಲುಗಳನ್ನು ಹೊರಗೆ ಸಾಗಿಸುತ್ತಿದ್ದಳು. ಧೂಳು ಬೀಳಬಾರದಲ್ಲ ಎಂದುಕೊಂಡಳು ಅಸ್ಗರಿ. ಫರ್ಹೀನ್ ಅತ್ತೆಯ ತೋಳು ಹಿಡಿದು ನಿಂತಿದ್ದಳು. ಅವಳಿಗೆ ನಸುಕಿನಿಂದಲೇ ಸೊಂಟ ನೋಯುತ್ತಿತ್ತು.

ಆಳುಗಳು ಬಲಕ್ಕೆ ಕೈಮುಗಿದರು, ಎಡಕ್ಕೆ ಸಲಾಮು ಮಾಡಿದರು, ನಡುವಿನ ಇಕ್ಕಟ್ಟಿನಲ್ಲಿ ಒಬ್ಬರ ಹಿಂದೊಬ್ಬರು ಒಳಗೆ ಹೋದರು.

"ಆಪಾ, ಆಸ್ಪತ್ರಿನ ಹುಮನಾಬಾದಿಗೆ ಕಳಸಾಕತ್ತೀವಿ," ಎಂದ ದೇವಿದಾಸ, ಹೆರಿಗೆ ಕೋಣೆಯ ಚೌಕಟ್ಟು ಕಿತ್ತುಬಿದ್ದ ಸದ್ದಿನ ಮೇಲೆ ದನಿ ಎತ್ತರಿಸಿ, "ಎರಡೂ ಕಡ್ಯಾವ್ರು ಒಪ್ಪೇವಿ."