ವಾರ್ಡಿನ ಬಾಟಲಿ

ಲ್ಯಾಬಿನ ಅಣವೀರಪ್ಪ ಮೂರು ಗಾಜಿನ ತಟ್ಟೆಗಳನ್ನು ಕಿಟಕಿಯ ಬಳಿ ಇಟ್ಟಾಗ, ಹೆರಿಗೆ ವಾರ್ಡಿನ ನೆಲ ಒರೆಸುವ ಬೀಬೀಜಾನ ಬೇವಿನ ತಟ್ಟೆಯನ್ನೇ ಹುಡುಕಿದಳು. ಮೂರರಲ್ಲೂ, ಇದೇ ವಾರ್ಡಿನಲ್ಲಿ ಹೆತ್ತ ಅವಳ ಮಗಳು ನೂರಜಹಾನಳ ಹೆರಿಗೆಯ ಹೊಲಿಗೆಯಿಂದ ತೆಗೆದ ಕೀವು ಸವರಿತ್ತು. ಪೆನಿಸಿಲಿನ್ನಿಗೂ ಜಗ್ಗದ ಕೀವು. ಒಂದರ ಮೇಲೆ ಬೀಬೀಜಾನ ಹಟ ಹಿಡಿದು ಕುದಿಸಿ ತಂದ ಬೇವಿನ ನೀರು, ಇನ್ನೊಂದರ ಮೇಲೆ ಸೀಲು ಒಡೆಯದ ಬಾಟಲಿಯ ಫಿನಾಯಿಲು, ಮೂರನೆಯದರ ಮೇಲೆ ವಾರ್ಡಿನ ಬಾಟಲಿಯದು.

"ನಿನ್ನ ಬೇವು ಸೋತಿತು, ಮಾವಶಿ. ಹುಳಕ್ಕ ಹಬ್ಬ ಆಗೈತಿ," ಅಂದ ಅಣವೀರಪ್ಪ. "ಸೀಲ್ ಬಾಟಲಿದು ನೋಡು, ಕನ್ನಡಿ ಹಂಗ ಐತಿ."

"ಮತ್ತ ವಾರ್ಡಿಂದು, ತಮ್ಮಾ?"

ಅವನು ಮೂರನೆಯದನ್ನು ಅವಳತ್ತ ತಿರುಗಿಸಿದ. ಹುಳ ಬೆಳೆದ ಹಳದಿ ಚುಕ್ಕೆಗಳು ಬೇವಿನ ತಟ್ಟೆಯಲ್ಲಿದ್ದವಕ್ಕಿಂತ ದಟ್ಟವಾಗಿದ್ದವು. "ಎರಡೂ ಒಂದ ಕಂಪನಿ ಮಾಲು. ಇದಕ್ಕ ಯಾರೋ ನೀರು ಬೆರೆಸ್ಯಾರ. ಬಾಣಂತ್ಯಾರ ಜೀವದ ಜೋಡಿ ಆಟ ಆಡೋ ಹಲ್ಕಟ್ ಯಾವನೋ!"

ಬೀಬೀಜಾನಳ ಕೈ ಹೆಗಲಿನ ಚೀಲವನ್ನು ಅದುಮಿ ಹಿಡಿಯಿತು. ಒಳಗೆ ಇವತ್ತಿನ ಸೀಸೆ ಇತ್ತು. ಮಗಳು ಬಸುರಿಯಾದಾಗಿನಿಂದ, ಭಾಂಡುಪಿನ ತಮ್ಮ ಚಾಳಿನಲ್ಲಿ ಎಲ್ಲ ಮನೆಯವರೂ ಬಳಸುವ ಸಂಡಾಸಿನಲ್ಲಿ ಅವಳಿಗೆ ಯಾವ ರೋಗವೂ ತಗುಲದಿರಲಿ ಎಂದು, ಬೀಬೀಜಾನ ವಾರ್ಡಿನ ಫಿನಾಯಿಲಿನಲ್ಲಿ ಅರ್ಧವನ್ನು ದಿನವೂ ಮನೆಗೆ ಒಯ್ಯುತ್ತಿದ್ದಳು. ಖಾಲಿಯಾದ ಅರ್ಧಕ್ಕೆ ನಲ್ಲಿಯ ನೀರು ತುಂಬಿಸುತ್ತಿದ್ದಳು. ಬಿಳಿ ಬಣ್ಣ ಹೋಗುತ್ತಿರಲಿಲ್ಲ, ವಾಸನೆಯೂ ಹೋಗುತ್ತಿರಲಿಲ್ಲ.

"ಬೇವು ಇನ್ನೂ ಸ್ವಲ್ಪ ಕುದಿಸಬೇಕಿತ್ತೋ ಏನೋ," ಅಂದಳು, ಚೀಲವನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತ.