ಬೆರಳಿನ ಸುಟ್ಟ ಕಲೆ

ಆರು ತಿಂಗಳ ವಿನಿಮಯ ಮುಗಿಸಿದ ಮಾರಿಟ್ ಊರಿಗೆ ಹೊರಡಲು ನನ್ನ ಮೇಜಿನ ಮುಂದೆ ಕೂತಿದ್ದಳು. ಕೂತಿದ್ದ ಮೈ ಮಾತ್ರ ನಮ್ಮ ವಿದ್ಯಾರ್ಥಿನಿ ಅಕ್ಷತಾಳದು. ಅಕ್ಷತಾ ಅತ್ತ ಎಸ್ಟೋನಿಯಾದಲ್ಲಿ ಮಾರಿಟ್‌ಳ ಮೈಯೊಳಗಿದ್ದು ಓದುತ್ತಿದ್ದಳು. ಸಾಫ್ಟ್‌ವೇರ್ ಕಂಪನಿಯೊಂದು ನಮ್ಮ ವಿಶ್ವವಿದ್ಯಾಲಯವನ್ನೂ ತನ್ನ ಮೈ-ವಿನಿಮಯದ ಜಾಲಕ್ಕೆ ಜೋಡಿಸಿದಾಗಿನಿಂದ, ಹೀಗೆ ಕೊಟ್ಟ ಮೈಯನ್ನು ನೋಡಿ ವಾಪಸು ಪಡೆಯುವುದು ಗುಮಾಸ್ತನಾದ ನನ್ನ ಕೆಲಸ.

ಮೈ ಕೊಡುವಾಗ ಬರೆದಿಟ್ಟ ಗುರುತುಗಳ ಪಟ್ಟಿ ಹಿಡಿದು ನೋಡಿದೆ. ಮೊಣಕಾಲಿನ ಹಳೆಯ ಗಾಯವಿತ್ತು, ಮೂಗಿನ ಪಕ್ಕದ ಮಚ್ಚೆಯೂ ಇತ್ತು. ಬಲಗೈ ಬೆರಳುಗಳ ಮೇಲಿನ ಮೂರು ಸುಟ್ಟ ಕಲೆಗಳು ಮಾತ್ರ ಪಟ್ಟಿಯಲ್ಲಿರಲಿಲ್ಲ.

ಕಂಪನಿಯವರಿಗೆ ಲೋಕವೆಲ್ಲ ಎರಡೇ ಬಟನ್: ‘ಹಾನಿ ಇದೆ’, ‘ಹಾನಿ ಇಲ್ಲ’. ಮೊದಲನೆಯದನ್ನು ಒತ್ತಿದರೆ ಜಾಲದ ಯಾವ ವಿಶ್ವವಿದ್ಯಾಲಯವೂ ಮಾರಿಟ್‌ಳನ್ನು ಮತ್ತೆ ಸೇರಿಸಿಕೊಳ್ಳುವುದಿಲ್ಲ.

“ಇದೇನವಾ ಇದು?” ಎಂದೆ.

ಮಾರಿಟ್ ಆ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಪಕ್ಕದಲ್ಲಿ ನಿಂತಿದ್ದ ಅಕ್ಷತಾಳ ತಾಯಿ ಕಲ್ಲವ್ವ ಉತ್ತರ ಕೊಟ್ಟರು.

“ರೊಟ್ಟಿ ಹಂಚು ತಾಗೇತ್ರೀ. ಪ್ರತಿ ಆಯಿತಾರ ಮನೀಗೆ ಬಂದು ನನ್ನ ಕಡೆ ರೊಟ್ಟಿ ಬಡಿಯೂದು ಕಲ್ತಾಳ. ನನ್ನ ಮಗಳು ಇಪ್ಪತ್ತು ವರ್ಷದಾಗ ಒಮ್ಮೆನೂ ಒಲಿ ಮುಂದ ಕುಂತಾಕಿ ಅಲ್ಲ.”

ನಾನು ‘ಹಾನಿ ಇಲ್ಲ’ ಒತ್ತಿದೆ.

ಮಾರಿಟ್ ಕಲ್ಲವ್ವನ ಕೈ ಹಿಡಿದು ಕಣ್ಣು ಮುಚ್ಚಿದಳು. ಕಣ್ಣು ತೆರೆದವಳು ಅಕ್ಷತಾ. “ಅವ್ವಾ” ಎಂದು ತಾಯಿಯನ್ನು ತಬ್ಬಿಕೊಂಡಳು. ಕಲ್ಲವ್ವ ಮಗಳ ಬೆನ್ನು ಸವರಿದರು, ನೆತ್ತಿಗೆ ಮುತ್ತಿಟ್ಟರು, ಆಮೇಲೆ ಆ ಬೆರಳುಗಳನ್ನು ಬಹಳ ಹೊತ್ತು ನೋಡಿದರು.

ಹೊರಡುವಾಗ ಬಾಗಿಲಲ್ಲಿ ನಿಂತು ನನ್ನನ್ನು ಮೆಲ್ಲಗೆ ಕೇಳಿದರು:

“ಸಾಹೇಬ್ರ, ಆಕಿ ಸುರಳೀತ ಊರು ಮುಟ್ಟಿದ್ಲೇನ್ರೀ?”